ಓಕರಿಸುತ್ತದೆ, ಏನೂ ಬರುವುದಿಲ್ಲ: ದೊಡ್ಡ ನಾಯಿಯ ಹೊಟ್ಟೆ ಉಬ್ಬರ

ಪ್ರಶ್ನೆ: ನಾವಿರುವುದು ಸಕಲೇಶಪುರದ ಕಡೆ, ಕಾಫಿ ತೋಟದಲ್ಲಿ. ನಮ್ಮ ಗ್ರೇಟ್ ಡೇನ್ ಭೀಮನಿಗೆ ನಾಲ್ಕು ವರ್ಷ. ಅವನ ಜೊತೆ ಹುಟ್ಟಿದ ಇನ್ನೊಂದು ಮರಿ ನಮ್ಮ ನೆಂಟರ ಮನೆಯಲ್ಲಿ ಬೆಳೆದಿತ್ತು. ಹೋದ ತಿಂಗಳು ರಾತ್ರಿ ಊಟ ಮಾಡಿ ಮಲಗಿದ್ದು, ಹೊಟ್ಟೆ ಉಬ್ಬಿ, ಬೆಳಗಾಗುವಷ್ಟರಲ್ಲಿ ಸತ್ತುಹೋಯಿತು. ಅಂದಿನಿಂದ ನನಗೆ ನೆಮ್ಮದಿಯ ನಿದ್ದೆ ಇಲ್ಲ. ಭೀಮನಿಗೂ ಹೀಗಾಗಬಹುದಾ? ಆದರೆ ತಿಳಿಯುವುದು ಹೇಗೆ? ನಮ್ಮತ್ತೆ ಇಂಗು ಹಾಕಿದ ಮಜ್ಜಿಗೆ ಕುಡಿಸಿದರೆ ಸಾಕು ಅನ್ನುತ್ತಾರೆ. ತೋಟದ ರೈಟರು ಹಸುವಿಗೆ ಮಾಡುವ ಹಾಗೆ ಗೊಟ್ಟದಲ್ಲಿ ಎಣ್ಣೆ ಕುಡಿಸಿ ಅನ್ನುತ್ತಾರೆ. ಬಟ್ಟಲನ್ನು ಎತ್ತರದ ಸ್ಟ್ಯಾಂಡಿನಲ್ಲಿ ಇಟ್ಟರೆ ಈ ಕಾಯಿಲೆ ಬರಲ್ಲ ಅಂತ ಯಾರೋ ಹೇಳಿದ್ದಕ್ಕೆ ಒಂದು ಸ್ಟ್ಯಾಂಡ್ ತರಿಸಿಟ್ಟಿದ್ದೇವೆ. ನಮ್ಮ ತೋಟದಿಂದ ಹಾಸನಕ್ಕೆ ಒಂದೂವರೆ ಗಂಟೆ ದಾರಿ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. ಒಂದೂವರೆ ಗಂಟೆ ದಾರಿ. ಮಜ್ಜಿಗೆ, ಎಣ್ಣೆ, ಸ್ಟ್ಯಾಂಡ್ ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಏನು ಮಾಡಬೇಕು ಅನ್ನುವುದನ್ನು ತೀರ್ಮಾನಿಸುವುದು ಈ ದಾರಿಯೇ.

ಮೊದಲು, ಒಳಗೆ ಆಗುವುದೇನು ನೋಡೋಣ. ನಾಯಿಯ ಜಠರ ಹೊಟ್ಟೆಯೊಳಗೆ ಜೋಳಿಗೆಯ ಹಾಗೆ ತೂಗುತ್ತಿರುತ್ತದೆ. ಎರಡು ತುದಿಗೆ ಎರಡು ಬಾಯಿ. ಒಂದು ಅನ್ನನಾಳದ ಕಡೆ, ಇನ್ನೊಂದು ಕರುಳಿನ ಕಡೆ. ಅಗಲ ಕಡಿಮೆ ಇದ್ದು ಆಳ ಜಾಸ್ತಿ ಇರುವ ಎದೆಯ ನಾಯಿಗಳಲ್ಲಿ ಈ ಜೋಳಿಗೆಗೆ ಓಲಾಡಲು ಜಾಗ ಹೆಚ್ಚು. ಅದರಲ್ಲಿ ಗಾಳಿ ತುಂಬುತ್ತದೆ, ಹೆಚ್ಚಿನದು ನಾಯಿ ತಾನೇ ನುಂಗಿದ ಗಾಳಿ. ಹೀಗೆ ಉಬ್ಬಿದ ಜಠರ ಕೆಲವೊಮ್ಮೆ ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ಅರ್ಧ ಸುತ್ತು, ಮುಕ್ಕಾಲು ಸುತ್ತು, ಒಮ್ಮೊಮ್ಮೆ ಪೂರ್ತಿ ಸುತ್ತು. ಕಾಫಿ ಚೀಲದ ಎರಡೂ ಬಾಯಿಯನ್ನು ತಿರುಚಿ ಕಟ್ಟಿದರೆ ಹೇಗಿರುತ್ತದೆ? ಹಾಗೆ. ಗಾಳಿ ಮೇಲಕ್ಕೂ ಹೋಗುವಂತಿಲ್ಲ, ಕೆಳಕ್ಕೂ ಇಳಿಯುವಂತಿಲ್ಲ. ಒಳಗೆ ಮಾತ್ರ ಹೆಚ್ಚುತ್ತಲೇ ಇರುತ್ತದೆ.

ಸಾಯಿಸುವುದು ಬರೀ ಗಾಳಿ ಅಂತ ತಿಳಿಯಬೇಡಿ. ಊದಿದ ಜಠರ ಹೊಟ್ಟೆಯ ದೊಡ್ಡ ರಕ್ತನಾಳಗಳನ್ನು ಅದುಮುತ್ತದೆ. ಹಿಂಭಾಗದ ರಕ್ತ ಹೃದಯಕ್ಕೆ ವಾಪಸು ಬರುವುದು ಕಡಿಮೆಯಾಗುತ್ತದೆ. ಬಿಪಿ ಬೀಳುತ್ತದೆ. ನಾಯಿ ಶಾಕ್‌ಗೆ ಹೋಗುತ್ತದೆ, ಅಂದರೆ ಮೈಯ ಅಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿ. ಇತ್ತ ಜಠರದ ಗೋಡೆಗೆ ರಕ್ತ ಇಲ್ಲದೆ ಅದು ಕಪ್ಪಗಾಗಿ ಸಾಯತೊಡಗುತ್ತದೆ. ಪಕ್ಕದಲ್ಲೇ ಅಂಟಿಕೊಂಡಿರುವ, ರಕ್ತ ತುಂಬಿದ ಅಂಗವಾದ ಗುಲ್ಮವನ್ನೂ (ಸ್ಪ್ಲೀನ್) ಅದು ತನ್ನ ಜೊತೆ ಎಳೆದುಕೊಂಡು ತಿರುಗಿರುತ್ತದೆ. ಇದೆಲ್ಲ ಕೆಲವೇ ಗಂಟೆಗಳ ಕೆಲಸ. ನಾವು ವೈದ್ಯರು ಇದಕ್ಕೆ ಜಿಡಿವಿ ಅನ್ನುತ್ತೇವೆ, ಅಂದರೆ ಜಠರ ಉಬ್ಬಿ ತಿರುಚಿಕೊಳ್ಳುವುದು. ಫೋನಿನಲ್ಲಿ ಈ ಮೂರಕ್ಷರ ಹೇಳಿದರೆ ಆ ಕಡೆಯ ವೈದ್ಯರು ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ನೆನಪಿಟ್ಟುಕೊಳ್ಳಿ.

ಇನ್ನು ಗುರುತು. ಒಂದೇ ಒಂದು ನೆನಪಿಡುವುದಾದರೆ ಇದನ್ನು ನೆನಪಿಡಿ: ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಆದರೆ ಏನೂ ಹೊರಗೆ ಬರುವುದಿಲ್ಲ. ಬಂದರೆ ಬಿಳಿ ನೊರೆ, ಅಂಟು ಲೋಳೆ. ಅದು ವಾಂತಿ ಅಲ್ಲ. ನುಂಗಲಾಗದೆ ಉಳಿದ ಜೊಲ್ಲು ಅಷ್ಟೇ.

ಈ ನೊರೆಯ ವಿಷಯದಲ್ಲಿ ನಾನೇ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಒಂದು ರಾತ್ರಿ ಜರ್ಮನ್ ಶೆಫರ್ಡ್ ಒಂದನ್ನು ಕರೆತಂದರು. "ಸಂಜೆಯಿಂದ ವಾಂತಿ ಮಾಡ್ತಿದೆ ಸಾರ್" ಅಂದರು. ಏನು ಬಂತು ಅಂತ ನಾನು ಕೇಳಲೇ ಇಲ್ಲ. ಹೊಟ್ಟೆಯೂ ಅಂಥ ದೊಡ್ಡದಾಗಿ ಕಾಣಲಿಲ್ಲ. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ನಾಳೆ ಬನ್ನಿ ಅಂತ ಕಳಿಸಿದೆ. ಅದಕ್ಕೆ ನಾಳೆ ಆಗಲೇ ಇಲ್ಲ. ಆಮೇಲಿನಿಂದ ಯಾರು ವಾಂತಿ ಅಂದರೂ ನನ್ನ ಮೊದಲ ಪ್ರಶ್ನೆ ಒಂದೇ: ನೆಲದ ಮೇಲೆ ಏನು ಬಿತ್ತು?

ಹೊಟ್ಟೆ ದೊಡ್ಡದಾಗಿ ಕಾಣಲಿಲ್ಲ ಅಂದೆನಲ್ಲ, ಅದೂ ಮುಖ್ಯ. ಎಲ್ಲರೂ ಕಾಯುವುದು ಹೊಟ್ಟೆ ತಮಟೆಯ ಹಾಗೆ ಬಿಗಿಯಲಿ ಅಂತ. ಎದೆ ಆಳವಿರುವ ನಾಯಿಗಳಲ್ಲಿ ಜಠರ ಮೊದಮೊದಲು ಪಕ್ಕೆಲುಬಿನ ಗೂಡಿನೊಳಗೇ ಊದುತ್ತದೆ. ಹೊರಗೆ ಕಾಣುವ ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ. ಅದಕ್ಕೇ ಒಂದು ಸಣ್ಣ ಕೆಲಸ ಹೇಳುತ್ತೇನೆ. ಟೈಲರ್ ಟೇಪ್ ತೆಗೆದುಕೊಂಡು, ಭೀಮ ಆರಾಮಾಗಿ ನಿಂತಿರುವಾಗ, ಕೊನೆಯ ಪಕ್ಕೆಲುಬಿನ ಹಿಂದೆ ಸುತ್ತಳತೆ ನೋಡಿ. ಊಟಕ್ಕೆ ಮುಂಚೆ ಒಂದು, ಊಟ ಆದಮೇಲೆ ಒಂದು. ಎರಡನ್ನೂ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಅನುಮಾನ ಬಂದ ರಾತ್ರಿ ಅದೇ ಜಾಗದಲ್ಲಿ ಅಳೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಅಳತೆ ಹೆಚ್ಚುತ್ತಿದ್ದರೆ ಸಂಶಯವೇ ಬೇಡ. ಅಳತೆ ಹೆಚ್ಚದಿದ್ದರೂ ಓಕರಿಕೆ ಮುಂದುವರಿದರೆ ಹೊರಡಿ.

ಓಕರಿಕೆಗೂ ಮುಂಚೆ ಕೆಲವು ನಾಯಿಗಳು ಸುಮ್ನೆ ಕೂರಲಾಗದೆ ಒದ್ದಾಡುತ್ತವೆ. ಮಲಗುತ್ತವೆ, ಏಳುತ್ತವೆ, ಜಾಗ ಬದಲಿಸುತ್ತವೆ. ತಿರುಗಿ ತಮ್ಮ ಹೊಟ್ಟೆಯನ್ನೇ ನೋಡುತ್ತವೆ. ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಎತ್ತಿ ನಮಸ್ಕಾರ ಮಾಡುವ ಹಾಗೆ ನಿಲ್ಲುತ್ತವೆ. ಜೊಲ್ಲು ಸುರಿಯುತ್ತದೆ. ಸೆಖೆ ಇಲ್ಲದಿದ್ದರೂ ಏದುಸಿರು. ನೋವು ಅಂತ ಕೂಗುವ ನಾಯಿ ಕಡಿಮೆ. ಮನೆಯವರು "ಯಾಕೋ ಇವತ್ತು ಒಂಥರಾ ಇದಾನೆ" ಅಂತಾರಲ್ಲ, ಹಾಗೆ ಶುರುವಾಗುತ್ತದೆ.

ವಸಡನ್ನೂ ನೋಡಿ. ತುಟಿ ಎತ್ತಿ, ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ತಡವಾದರೆ, ಅಥವಾ ವಸಡೇ ಸುಣ್ಣದ ಹಾಗೆ ಬಿಳಿಚಿದ್ದರೆ, ಶಾಕ್ ಶುರುವಾಗಿದೆ. ಕೆಲವು ಡೇನ್‌ಗಳ ವಸಡು ಹುಟ್ಟಿನಿಂದಲೇ ಕಪ್ಪು. ಆಗ ಕೆಳಗಿನ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಭೀಮ ಚೆನ್ನಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಂಡರೆ ಆ ರಾತ್ರಿ ಗೊಂದಲ ಇರಲ್ಲ.

ಉಬ್ಬಿದ ಹೊಟ್ಟೆಯೆಲ್ಲ ಇದೇ ಅಂತಲೂ ಅಲ್ಲ. ಮರಿಯ ಡೊಳ್ಳುಹೊಟ್ಟೆ ಬಹಳ ಸಲ ಜಂತುಹುಳ. ವಾರಗಟ್ಟಲೆ ಮೆಲ್ಲಗೆ ದೊಡ್ಡದಾಗುವ ಹೊಟ್ಟೆ ನೀರು ತುಂಬಿದ್ದಿರಬಹುದು. ಹೃದಯ, ಲಿವರ್ ತೊಂದರೆಗಳಲ್ಲಿ ಹಾಗಾಗುತ್ತದೆ. ಅದಕ್ಕೂ ವೈದ್ಯರು ಬೇಕು, ಆದರೆ ನಾಳೆ ಬೆಳಗ್ಗೆ ಹೋದರೆ ಆದೀತು. ನಾಯಿ ಕಾಳಿನ ಚೀಲಕ್ಕೆ ಬಾಯಿ ಹಾಕಿ ಒಂದೇ ಸಲಕ್ಕೆ ಎರಡು ಕಿಲೋ ತಿಂದು ಉಬ್ಬಿ ಕೂರುವುದೂ ಉಂಟು. ಆ ಉಬ್ಬರವನ್ನೂ ಇದನ್ನೂ ಮನೆಯಲ್ಲಿ ನೋಡಿ ಬೇರೆ ಮಾಡಲು ಆಗುವುದಿಲ್ಲ. ಎಕ್ಸ್‌ರೇ ಬೇಕು. ಬಲಮಗ್ಗುಲಲ್ಲಿ ಮಲಗಿಸಿ ತೆಗೆದರೆ ತಿರುಚಿದ ಜಠರ ಎರಡು ಗುಳ್ಳೆಯ ಹಾಗೆ, ನಡುವೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ.

ಈಗ ಅತ್ತೆಯವರ ಮಜ್ಜಿಗೆಗೆ ಬರೋಣ. ಅವರು ಹೇಳುವುದರಲ್ಲಿ ನಮ್ಮ ನಿಮ್ಮ ಹೊಟ್ಟೆಗೆ ತಪ್ಪೇನಿಲ್ಲ. ನಾನೂ ಕುಡಿಯುತ್ತೇನೆ. ರೈಟರು ಹೇಳುವುದಕ್ಕೂ ಅರ್ಥವಿದೆ. ಹಸಿ ಕಾಳುಗಿಡದ ಮೇವು ಮೇದು ಹಸುವಿನ ಎಡಪಕ್ಕ ಉಬ್ಬಿದಾಗ ಒಳಗೆ ಇರುವುದು ನೊರೆ. ಎಣ್ಣೆ ಆ ನೊರೆಯನ್ನು ಒಡೆಯುತ್ತದೆ, ಗಾಳಿ ಬಿಡುಗಡೆಯಾಗುತ್ತದೆ, ಹಸು ತೇಗುತ್ತದೆ. ಆದರೆ ಹಸುವಿನಲ್ಲಿ ದಾರಿ ತೆರೆದಿರುತ್ತದೆ. ನಾಯಿಯಲ್ಲಿ ದಾರಿಯೇ ತಿರುಚಿ ಮುಚ್ಚಿದೆ. ಗೊಟ್ಟದಲ್ಲಿ ಸುರಿದ ಎಣ್ಣೆ ಜಠರಕ್ಕೆ ಇಳಿಯುವುದಿಲ್ಲ. ಓಕರಿಸುತ್ತಿರುವ ನಾಯಿಯ ಬಾಯಿಗೆ ಏನು ಹೊಯ್ದರೂ ಅದು ಶ್ವಾಸಕೋಶ ಸೇರುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಹೊಟ್ಟೆ ಸರಿಮಾಡಿದರೂ ನ್ಯುಮೋನಿಯಾ ಕಾಡುತ್ತದೆ. ಸೋಡಾ, ಈನೋ ಅಂತೂ ಬೇಡವೇ ಬೇಡ. ಅವು ಕೆಲಸ ಮಾಡುವುದೇ ಗ್ಯಾಸ್ ಹುಟ್ಟಿಸಿ. ಹೊರಹೋಗಲು ದಾರಿಯಿಲ್ಲದ ಚೀಲಕ್ಕೆ ಇನ್ನಷ್ಟು ಗ್ಯಾಸ್ ಯಾಕೆ? ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಹೊಟ್ಟೆ ಒತ್ತಬೇಡಿ, ಉಜ್ಜಬೇಡಿ.

ಮಕ್ಕಳಿಗೆ ಕೊಡುವ ಸಿಮೆಥಿಕೋನ್ ಹನಿ ಕೊಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಅದು ಸಣ್ಣ ಗುಳ್ಳೆಗಳನ್ನು ಒಡೆಯುತ್ತದೆ, ತಿರುಚಿದ್ದನ್ನು ಬಿಡಿಸುವುದಿಲ್ಲ. ನನಗೆ ಅದರ ಮೇಲಿರುವ ಸಿಟ್ಟು ಬೇರೆ ಕಾರಣಕ್ಕೆ. ಕೊಟ್ಟವರು "ಅರ್ಧ ಗಂಟೆ ನೋಡೋಣ" ಅಂತ ಕೂತುಬಿಡುತ್ತಾರೆ. ಹಾಸನ ಒಂದೂವರೆ ಗಂಟೆ ದೂರ ಇರುವವರ ಹತ್ತಿರ ಆ ಅರ್ಧ ಗಂಟೆ ಇಲ್ಲ.

ಹಾಗಾದರೆ ಆ ರಾತ್ರಿ ಮಾಡುವುದೇನು? ಮೊದಲು ಫೋನ್. ಒಬ್ಬರು ಫೋನ್ ಮಾಡುತ್ತಿರುವಾಗ ಇನ್ನೊಬ್ಬರು ಜೀಪು ತೆಗೆಯಲಿ. ಕೇಳಬೇಕಾದ್ದು ಎರಡೇ: ಈಗ ಎಕ್ಸ್‌ರೇ ತೆಗೆಯುತ್ತೀರಾ, ಈಗ ಆಪರೇಷನ್ ಮಾಡುತ್ತೀರಾ? ಬೆಳಗ್ಗೆ ಅಂದರೆ ಮುಂದಿನ ನಂಬರ್. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಖಾಸಗಿ ವೈದ್ಯರೂ ಇದ್ದಾರೆ. ರಾತ್ರಿ ಹೊತ್ತು ಯಾರು ಸಿಗುತ್ತಾರೆ ಅನ್ನುವುದನ್ನು ಈ ವಾರವೇ ಹಗಲು ಹೊತ್ತಿನಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ. ನಾಯಿಗೆ ಬಾಯಿಬುಟ್ಟಿ ಹಾಕಬೇಡಿ. ನೀರೂ ಕೊಡಬೇಡಿ. ಭೀಮ ನಡೆಯಲಾರದ ಸ್ಥಿತಿಯಲ್ಲಿದ್ದರೆ ದಪ್ಪ ಕಂಬಳಿಯ ಮೇಲೆ ಮಲಗಿಸಿ, ನಾಲ್ಕು ಮೂಲೆಯನ್ನು ನಾಲ್ಕು ಜನ ಹಿಡಿದು ಎತ್ತಿ. ಲೈನ್ ಮನೆಯಿಂದ ಜನ ಕರೆಯಲು ಸಂಕೋಚ ಬೇಡ.

ದಾರಿಯಲ್ಲಿ ಸಕಲೇಶಪುರದಲ್ಲೇ ನಿಮಗೆ ಪರಿಚಯದ ಪಶುವೈದ್ಯರಿದ್ದರೆ ಅವರಿಗೂ ಮೊದಲೇ ಹೇಳಿ. ಅವರು ಮುಂಗಾಲಿಗೆ ಡ್ರಿಪ್ ಹಾಕಿ, ದಪ್ಪ ಸೂಜಿ ಚುಚ್ಚಿ ಒಂದಿಷ್ಟು ಗಾಳಿ ತೆಗೆದುಕೊಟ್ಟರೆ ಮುಂದಿನ ದಾರಿಗೆ ಸಮಯ ಸಿಗುತ್ತದೆ. ಮುಂಗಾಲು ಯಾಕೆ ಅಂದರೆ ಹಿಂಗಾಲಿಗೆ ಹಾಕಿದ್ದು ಹೃದಯದವರೆಗೆ ಬರುವ ದಾರಿಯನ್ನು ಊದಿದ ಜಠರ ಅದುಮಿರುತ್ತದೆ. ಈ ಸೂಜಿಯ ಕೆಲಸವನ್ನು ವಿಡಿಯೋ ನೋಡಿಕೊಂಡು ನೀವೇ ಮಾಡಲು ಹೋಗಬೇಡಿ. ಗುಲ್ಮ ಜಾಗ ಬದಲಿಸಿ ಸೂಜಿಯ ಕೆಳಗೇ ಬಂದಿರಬಹುದು.

ಒಂದು ಮೋಸವಿದೆ ಇಲ್ಲಿ. ಗಾಳಿ ತೆಗೆದ ಕೂಡಲೇ ನಾಯಿ ಎದ್ದು ನಿಲ್ಲುತ್ತದೆ. ಬಾಲ ಆಡಿಸುತ್ತದೆ. ಮನೆಯವರ ಮುಖದಲ್ಲಿ ನಗು ಬರುತ್ತದೆ. "ಸರಿಹೋಯ್ತಲ್ಲ, ಆಪರೇಷನ್ ಯಾಕೆ" ಅಂತ ಜೀಪು ಮನೆಯ ಕಡೆ ತಿರುಗುತ್ತದೆ. ಗಾಳಿ ಹೋಗಿದೆ, ತಿರುಚಿದ್ದು ಹಾಗೇ ಇದೆ. ಬಾಯಿಯಿಂದ ಜಠರಕ್ಕೆ ನಳಿಕೆ ಸಲೀಸಾಗಿ ಇಳಿದರೂ ತಿರುಚಿಲ್ಲ ಅಂತ ಹೇಳಲಾಗುವುದಿಲ್ಲ. ಹೊಟ್ಟೆ ತೆರೆದು, ಜಠರವನ್ನು ಸರಿಯಾಗಿ ತಿರುಗಿಸಿ, ಗೋಡೆ ಬದುಕಿದೆಯೇ ನೋಡಿ, ಸತ್ತ ಭಾಗವಿದ್ದರೆ ಕತ್ತರಿಸಿ, ಕೊನೆಗೆ ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿಯಬೇಕು. ಹೊಲಿಯದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಮತ್ತೆ ಬರುತ್ತದೆ. ಹೊಲಿದರೆ 100ಕ್ಕೆ 5ಕ್ಕಿಂತ ಕಡಿಮೆ. ಆಪರೇಷನ್ ಆದಮೇಲೂ ಎರಡು ಮೂರು ದಿನ ಹೃದಯದ ಬಡಿತ ಏರುಪೇರಾಗಬಹುದು, ಅದಕ್ಕೇ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಕೈಯಲ್ಲಿ ಆಪರೇಷನ್ ಆದರೂ 100ಕ್ಕೆ 10ರಿಂದ 30 ನಾಯಿ ಉಳಿಯುವುದಿಲ್ಲ. ಬೇಗ ಬಂದವು ಹೆಚ್ಚು ಉಳಿಯುತ್ತವೆ. ಆಪರೇಷನ್ ಮಾಡದೆ ಬಿಟ್ಟ ತಿರುಚಿದ ಜಠರದಲ್ಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಭೀಮನಿಗೆ ಬರಬಹುದಾ ಅಂತ ಕೇಳಿದಿರಿ. ಸುಮ್ನೆ ಸಮಾಧಾನ ಹೇಳಲಾರೆ. ಈ ಕಾಯಿಲೆಯಲ್ಲಿ ಗ್ರೇಟ್ ಡೇನ್ ಎಲ್ಲ ತಳಿಗಳಿಗಿಂತ ಮುಂದೆ. ಅಮೆರಿಕದ ಲೆಕ್ಕದಲ್ಲಿ ಜೀವಮಾನದಲ್ಲಿ ಸುಮಾರು ಮೂರು ಡೇನ್‌ಗಳಲ್ಲಿ ಒಂದಕ್ಕೆ ಬರುತ್ತದೆ. ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಡಾಬರ್‌ಮನ್ ಆಮೇಲಿನ ಸಾಲು. ನಮ್ಮ ಮುಧೋಳ ನಾಯಿಯದೂ ಆಳದ ಎದೆಯೇ. ಸಾಕಿದವರು ಈ ಗುರುತುಗಳನ್ನು ತಿಳಿದಿದ್ದರೆ ನಷ್ಟವಿಲ್ಲ. ವಯಸ್ಸು ಏರಿದ ಹಾಗೆ ಅಪಾಯ ಏರುತ್ತದೆ. ಒಡಹುಟ್ಟಿದ್ದಕ್ಕೋ, ತಂದೆತಾಯಿಗೋ ಬಂದಿದ್ದರೆ ಇನ್ನೂ ಏರುತ್ತದೆ. ಭೀಮ ಡೇನ್, ಒಡಹುಟ್ಟಿದ್ದು ಇದರಿಂದಲೇ ಹೋಗಿದೆ, ಆಸ್ಪತ್ರೆ ದೂರ. ಮೂರೂ ಕೂಡಿವೆ.

ಸ್ಟ್ಯಾಂಡ್ ವಿಷಯ ನೇರವಾಗಿ ಹೇಳುತ್ತೇನೆ: ತೆಗೆದುಬಿಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲಾರೆನ್ಸ್ ಗ್ಲಿಕ್‌ಮನ್ ಮತ್ತು ಅವರ ಜೊತೆಯವರು 11 ದೊಡ್ಡ ತಳಿಗಳ 1,637 ನಾಯಿಗಳನ್ನು ಕೆಲವು ವರ್ಷ ಹಿಂಬಾಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯವರೆಗೆ ಎಲ್ಲರೂ ಬಟ್ಟಲನ್ನು ಎತ್ತರಕ್ಕಿಡಿ ಅಂತಲೇ ಹೇಳುತ್ತಿದ್ದರು. ಲೆಕ್ಕ ಹಾಕಿದಾಗ ಎತ್ತರದ ಬಟ್ಟಲಿನಲ್ಲಿ ತಿನ್ನುವ ನಾಯಿಗಳಿಗೇ ಅಪಾಯ ಜಾಸ್ತಿ ಅಂತ ಬಂತು. ಆಮೇಲೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ, ನಿಜ. ಆದರೆ ಎತ್ತರದ ಬಟ್ಟಲು ಕಾಪಾಡುತ್ತದೆ ಅನ್ನಲು ಗಟ್ಟಿ ಆಧಾರ ನನಗೆ ಕಂಡಿಲ್ಲ. ಕತ್ತುನೋವೋ ಮತ್ತೇನೋ ಇದ್ದು ವೈದ್ಯರೇ ಹೇಳಿದ್ದರೆ ಅದು ಬೇರೆ ಮಾತು.

ಊಟದಲ್ಲಿ ನೀವು ಬದಲಿಸಬಹುದಾದ್ದು ಬೇರೆ ಇದೆ. ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ತೋಟದ ನಾಯಿಗಳ ದಿನಚರಿ ನನಗೆ ಗೊತ್ತು. ಹಗಲೆಲ್ಲ ಸರಪಳಿ. ರಾತ್ರಿ ಎಂಟಕ್ಕೆ ಒಂದು ಬೇಸಿನ್ ಅನ್ನ, ಮಾಂಸ. ತಿಂದ ಕೂಡಲೇ ಕಾವಲಿಗೆ ಬಿಡುವುದು, ಅದು ತೋಟದ ಸುತ್ತ ಓಡುವುದು. ದಿನಕ್ಕೊಂದೇ ದೊಡ್ಡ ಊಟ, ಗಬಗಬ ತಿನ್ನುವುದು, ಇವೆರಡೂ ಅಪಾಯ ಹೆಚ್ಚಿಸುತ್ತವೆ. ಅದೇ ಊಟವನ್ನು ಎರಡೋ ಮೂರೋ ಹೊತ್ತಿಗೆ ಹಂಚಿ. ಬೇರೆ ನಾಯಿಗಳಿದ್ದರೆ ಭೀಮನಿಗೆ ಬೇರೆ ಕಡೆ ಹಾಕಿ. ಪಕ್ಕದಲ್ಲಿ ಇನ್ನೊಂದು ಬಾಯಿ ಇದ್ದರೆ ನಾಯಿ ಅಗಿಯುವುದನ್ನೇ ಮರೆಯುತ್ತದೆ. ಬೇಸಿನ್ ಬದಲು ಅಗಲದ ಹರಿವಾಣದಲ್ಲಿ ತೆಳ್ಳಗೆ ಹರಡಿ. ನಡುವೆ ನುಂಗಲಾಗದಷ್ಟು ದೊಡ್ಡದಾದ ಒಂದು ನುಣ್ಣನೆಯ ಹೊಳೆಗಲ್ಲು ಇಡಿ, ಸುತ್ತು ಹಾಕಿಕೊಂಡು ತಿನ್ನಲಿ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಓಟ ಬೇಡ. ಈ ಓಟದ ಮಾತಿಗೆ ಆಧಾರ ಅಷ್ಟು ಗಟ್ಟಿಯಿಲ್ಲ, ಆದರೆ ಪಾಲಿಸಲು ಖರ್ಚೂ ಇಲ್ಲ. ನೀರು ಮಾತ್ರ ಯಾವತ್ತೂ ಕಡಿಮೆ ಮಾಡಬೇಡಿ. ಬೊಜ್ಜು ಬೇಡ ಅಂತ ಪಕ್ಕೆಲುಬು ಕಾಣುವಷ್ಟು ಸೊರಗಿಸಲೂ ಬೇಡಿ. ತೀರ ಸಣಕಲು ನಾಯಿಗಳಲ್ಲೂ ಇದು ಹೆಚ್ಚು ಕಂಡಿದೆ.

ಹೆದರುವ ನಾಯಿಗಳಿಗೂ ಇದು ಹೆಚ್ಚು. ದೀಪಾವಳಿಯ ಪಟಾಕಿ, ಮನೆ ತುಂಬಾ ನೆಂಟರು, ಹೊಸ ಜಾಗ. ಅಂಥ ದಿನ ಊಟ ಇನ್ನೂ ಕಡಿಮೆ ಕಡಿಮೆ ಹಾಕಿ, ಹಬ್ಬದ ಎಂಜಲು ತಂದು ಸುರಿಯಬೇಡಿ.

ಇಷ್ಟೆಲ್ಲ ಮಾಡಿದರೂ ಭೀಮನ ಅಪಾಯ ಸ್ವಲ್ಪ ಇಳಿಯುತ್ತದೆ, ಅಷ್ಟೇ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಾಯುತ್ತಿರಲಿಲ್ಲ. ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಯುವ ಆಪರೇಷನ್ ಹೇಳಿದೆನಲ್ಲ, ಅದನ್ನು ಕಾಯಿಲೆ ಬರುವ ಮುಂಚೆಯೇ ಮಾಡಿಸಬಹುದು. ಅದರ ಹೆಸರು ಗ್ಯಾಸ್ಟ್ರೋಪೆಕ್ಸಿ. ಹಗಲು ಹೊತ್ತಿನಲ್ಲಿ, ಗಟ್ಟಿಮುಟ್ಟಾದ ನಾಯಿಗೆ, ರಕ್ತ ಪರೀಕ್ಷೆ, ಹೃದಯ ಪರೀಕ್ಷೆ ಎಲ್ಲ ಮುಗಿಸಿ, ನಿಧಾನವಾಗಿ ಮಾಡುವ ಕೆಲಸ. ಡೇನ್‌ಗಳಲ್ಲಿ ಹೃದಯದ ಸ್ನಾಯು ಸಡಿಲಾಗುವ ಕಾಯಿಲೆಯೂ ಇರುವುದರಿಂದ ಹೃದಯದ ಸ್ಕ್ಯಾನ್ ಬಿಡಬೇಡಿ. ಅಪಾಯದ ತಳಿಗಳಲ್ಲಿ ಬಹಳ ಜನ ಇದನ್ನು ಸಂತಾನಹರಣ ಆಪರೇಷನ್ ಜೊತೆಗೇ ಮಾಡಿಸುತ್ತಾರೆ, ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಯುತ್ತದೆ. ಭೀಮನಿಗೆ ಅದು ಆಗಿಲ್ಲದಿದ್ದರೆ ಒಟ್ಟಿಗೇ ಮಾಡಿಸಿ. ಈ ಮನೆತನದಿಂದ ಮರಿ ಮಾಡಿಸುವುದು ಹೇಗೂ ಬೇಡ. ನಾಲ್ಕು ವರ್ಷ ತಡವಲ್ಲ. ಎರಡು ವಾರ ಓಟ ಜಿಗಿತ ಇಲ್ಲದೆ ಇಡಬೇಕು. ಅರವತ್ತು ಕಿಲೋದ ಡೇನ್‌ಗೆ ಇದನ್ನು ಹೇಳಿ ಒಪ್ಪಿಸುವುದು ಆಪರೇಷನ್‌ಗಿಂತ ಕಷ್ಟ.

ಹೊಲಿದ ಮೇಲೂ ಜಠರದಲ್ಲಿ ಗಾಳಿ ತುಂಬಬಹುದು. ತಿರುಚುವುದು ಮಾತ್ರ ತೀರಾ ಅಪರೂಪ. ಹಾಗಾಗಿ ಆಪರೇಷನ್ ಆಗಿದೆ ಅಂತ ಓಕರಿಕೆಯನ್ನು ಕಡೆಗಣಿಸಬೇಡಿ. ಆಗಲೂ ಹೋಗಬೇಕು. ಆದರೆ ಆ ಒಂದೂವರೆ ಗಂಟೆ ಅಷ್ಟು ಉದ್ದ ಅನ್ನಿಸುವುದಿಲ್ಲ. ಯಾರಿಂದ ಮಾಡಿಸುವುದು ಅಂದರೆ, ಇದುವರೆಗೆ ಎಷ್ಟು ಮಾಡಿದ್ದೀರಿ ಅಂತ ವೈದ್ಯರನ್ನು ನೇರವಾಗಿ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಮಾಡಿಸಬೇಡಿ.

ಕೊನೆಗೆ ಒಂದು ಕಾಗದದ ಕೆಲಸ. ನೀವು ಮದುವೆಗೋ ಮುಂಜಿಗೋ ಹೊರಗೆ ಹೋಗಿ ಭೀಮನನ್ನು ಬೇರೆಯವರ ಹತ್ತಿರ ಬಿಟ್ಟಾಗ, "ತುರ್ತಾದರೆ ಆಪರೇಷನ್ ಮಾಡಲು ನನ್ನ ಒಪ್ಪಿಗೆ ಇದೆ, ಖರ್ಚು ನನ್ನದು" ಅಂತ ಬರೆದು, ಸಹಿ ಹಾಕಿ, ನಂಬರ್ ಹಾಕಿ ಕೊಟ್ಟುಹೋಗಿ. ಘಟ್ಟದಲ್ಲಿ ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದಾಗ, ಯಾರನ್ನು ಕೇಳುವುದು ಅಂತ ತಿಳಿಯದೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವರು ನಿಂತಿರಬಾರದು.